ಸಂಬಳವಿಲ್ಲದ ಹಂಬಲ, ಇಳಿಸದ ಪಾಣಿಪಂಚೆ

ಅಂಕೋಲೆಯ ಪಕ್ಕದ ಕೇಣಿಯ ಕಡಲಂಚಿನ ಗುಡ್ಡದ ತುದಿಯಲ್ಲಿ ಒಂದು ಚಪ್ಪಟೆ ಬಂಡೆ. ಬೆಳಗಿನ ಆರೂಕಾಲು. ಬಂಡೆಯ ಮೇಲೆ ನಾಲ್ಕು ಮಡಿಕೆ ಮಾಡಿಟ್ಟ ಗೋಣಿಚೀಲವಿದೆ, ಕೂರಲು ಹೇಳಿ ಮಾಡಿಸಿದಂತೆ. ಐವತ್ತೆಂಟರ ಶಾಂತಾರಾಮ ಹರಿಕಂತ್ರ ಅದರ ಪಕ್ಕದಲ್ಲೇ ನಿಂತಿದ್ದಾರೆ. ಕೂರುವುದಿಲ್ಲ. ಗೋಣಿ ಯಾರು ಇಟ್ಟದ್ದು ಎಂದು ಕೇಳಿದರೆ ಕಣ್ಣು ನೀರಿನಿಂದ ತೆಗೆಯದೆ, "ಅದು ಮನೇಲಿ ಕೇಳ್ಬೇಕು" ಎನ್ನುತ್ತಾರೆ.

ಹೆಗಲ ಮೇಲೆ ಬಣ್ಣ ಮಾಸಿದ ಕೆಂಪು ಪಾಣಿಪಂಚೆ, ಮೈ ಒರೆಸುವ ತೆಳು ಟವೆಲು. ಎಡಗೈ ಹುಬ್ಬಿಗೆ ಅಡ್ಡ, ಬಲಗೈಯಲ್ಲಿ ಮೂಲೆ ಒಡೆದ ಮೊಬೈಲು. ಹತ್ತು ನಿಮಿಷ ಸುಮ್ಮನೆ ನೀರು ನೋಡುತ್ತಾರೆ. ಆಮೇಲೆ ಹೆಬ್ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಾರೆ, ಏಡಿ ಹಿಡಿಯುವಾಗಿನಷ್ಟೇ ಎಚ್ಚರದಿಂದ. ಒತ್ತಿ ಮುಗಿದದ್ದು ಇಷ್ಟು: "ಇವತ್ತು ನೀರು ತಿಳಿ. ಗಾಳಿ ಸಣ್ಣಕೆ. ಹಕ್ಕಿ ನಾಲ್ಕು, ಅವೂ ಸುಮ್ನೆ ಕೂತಿವೆ. ತಾರ್ಲೆ ಮೀನು ಕಾಣ್ಲಿಲ್ಲ. ಪಂಚೆ ಇಳಿಸಿಲ್ಲ."

ಕೊನೆಯ ಸಾಲು ಓದಿ ಹೊಸಬರು ಗಾಬರಿಯಾಗುವುದುಂಟು, ನಗುವುದೂ ಉಂಟು. ಶಾಂತಾರಾಮರಿಗೆ ಎರಡೂ ರೂಢಿ. 'ಕೇಣಿ ನೀರು' ಎಂಬ ಅವರ ಬ್ಲಾಗಿನಲ್ಲಿ ಇದು ಎರಡು ಸಾವಿರದ ಒಂಬೈನೂರ ಹನ್ನೆರಡನೆಯ ಬರಹ. ಅಷ್ಟೂ ಬರಹಗಳ ಕೊನೆಯ ಸಾಲು ಅದೇ. ಎದುರಿಗೆ ಕಣ್ಣು ತುಂಬುವಷ್ಟು ಸೀ ವ್ಯೂ. ಕೈಯೊಳಗಿನ ಮೊಬೈಲಿನಲ್ಲಿ ದಿನಕ್ಕೆ ಹನ್ನೊಂದೋ ಹನ್ನೆರಡೋ ವ್ಯೂ.

"ಹನ್ನೊಂದರಲ್ಲಿ ಒಂದು ನಾನು" ಎಂದು ಹೆಂಡತಿ ಮಂಗಲಾ ಮೊದಲೇ ಲೆಕ್ಕ ತಗ್ಗಿಸುತ್ತಾರೆ. ಅಂಕೋಲೆಯ ಪೇಟೆಯಲ್ಲಿ ಮೀನು ಮಾರುವ ಮಂಗಲಾ, ಬುಟ್ಟಿಯ ಪಕ್ಕ ಫೋನಿಟ್ಟುಕೊಂಡು ಗಂಡನ ಬ್ಲಾಗು ತೆರೆಯುತ್ತಾರೆ. "ಓದೂದಿಲ್ಲ ಮಾರಾಯ್ರೆ, ತೆರೆದು ಇಡ್ತೆ ಅಷ್ಟೆ. ಓದೂಕೆ ಎಂತ ಇದೆ ಅದ್ರಲ್ಲಿ? ನೀರು ತಿಳಿ, ನೀರು ಕದಡು. ನಂಗೆ ಮೀನಿನ ಕಣ್ಣು ನೋಡಿದ್ರೇ ಗೊತ್ತಾಗ್ತದೆ."

ಬ್ಲಾಗು ಎಂಬುದು ಈಗ ಕ್ಯಾಸೆಟ್ ಅಂಗಡಿಯಷ್ಟು ಹಳತು. ಹೊಗಳಿಸಿಕೊಳ್ಳುವ ಆಸೆಗೆ ಶುರುವಾಗಿ, ಹೊಗಳುವವರಿಲ್ಲದೆ ಹೊಗೆಯಾಡಿ, ಮೂರನೇ ತಿಂಗಳಿಗೆ ಬಾಗಿಲು ಹಾಕಿದ ಬ್ಲಾಗುಗಳು ಅಂತರ್ಜಾಲದ ತುಂಬ ಖಾಲಿ ಚಿಪ್ಪಿನ ಹಾಗೆ ಬಿದ್ದಿವೆ. ಬಿಟ್ಟಿ ಬರೆಯುವವರಲ್ಲಿ ಕೆಲವರಿಗೆ ಹೆಸರು ಬೇಕು, ಕೆಲವರಿಗೆ ತಮಗೆ ಹೆಸರಿಟ್ಟವರ ಮೇಲೆ ಸೇಡು ಬೇಕು. ಇನ್ನು ಕೆಲವರಿಗೆ ಬರೆಯುವ ಚಟ. ಬರೆ ಹಾಕಿದರೂ ಬಿಡದು. ಇವರಲ್ಲಿ ಯಾವ ಸಾಲಿಗೂ ಶಾಂತಾರಾಮ ಸೇರುವುದಿಲ್ಲ. ಹೆಸರು ಬೇಕಿದ್ದರೆ ಬ್ಲಾಗಿನ ಮೇಲೆ ಹಾಕಿಕೊಳ್ಳುತ್ತಿದ್ದರು. ಅಲ್ಲಿ ಹೆಸರೂ ಇಲ್ಲ, ಫೋಟೊವೂ ಇಲ್ಲ. ಸಂಬಳ ಯಾರೂ ಕೊಡುವುದಿಲ್ಲ. ಇರುವುದು ಹಂಬಲ ಮಾತ್ರ.

ಏಳು ಗಂಟೆಗೆ ಅವರು ಗುಡ್ಡ ಇಳಿದು ದಡದ ಐಸ್ ಶೆಡ್ಡಿಗೆ ಹೋಗುತ್ತಾರೆ. ದೋಣಿಗಳು ದಡ ಮುಟ್ಟುವ ಹೊತ್ತಿಗೆ ಐಸ್ ಪುಡಿಯಾಗಿರಬೇಕು. ದಿನಕ್ಕೆ ನಲವತ್ತು ಗಡ್ಡೆ. ಕೊಕ್ಕೆ ಹಾಕಿ ಎಳೆಯುವುದು, ಯಂತ್ರದ ಬಾಯಿಗೆ ತುರುಕುವುದು, ಪುಡಿಯನ್ನು ಸಲಿಕೆಯಿಂದ ಪೆಟ್ಟಿಗೆಗೆ ತುಂಬುವುದು. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಮರಗಟ್ಟಿರುತ್ತವೆ. ಬ್ಲಾಗನ್ನು ಬೆಳಗ್ಗೆಯೇ ಬರೆದು ಮುಗಿಸುವುದು ಅದಕ್ಕೇ. "ಐಸಿನ ಕೆಲ್ಸ ಮುಗದ್ಮೇಲೆ ಮೊಬೈಲು ನನ್ನ ಬೆರಳನ್ನ ಮನುಷ್ಯನ ಬೆರಳು ಅಂತ ಒಪ್ಪೂದೇ ಇಲ್ಲ" ಎಂದು ನಗುತ್ತಾರೆ.

ಐಸ್ ಅವರ ಹೊಟ್ಟೆಪಾಡು. ಅವರ ಕಸುಬು ಬೇರೆಯೇ ಇತ್ತು.

ಕೇಣಿಯಲ್ಲಿ ಆಗ ರಂಪಣಿ ಇತ್ತು. ಫರ್ಲಾಂಗುಗಟ್ಟಲೆ ಉದ್ದದ ಬಲೆಯನ್ನು ದೋಣಿಯಲ್ಲಿ ಒಯ್ದು ಮೀನಿನ ಹಿಂಡನ್ನು ಸುತ್ತುವರಿದು ಹಾಕಿ, ಎರಡೂ ತುದಿಯ ಹಗ್ಗವನ್ನು ಎಂಬತ್ತು ಜನ ದಡದಲ್ಲಿ ನಿಂತು ಎಳೆಯುವ ಕೆಲಸ. ಆದರೆ ದೋಣಿಯಲ್ಲಿ ಕೂತವನಿಗೆ ಹಿಂಡು ಕಾಣುವುದಿಲ್ಲ. ನೀರಿನ ಮಟ್ಟದಲ್ಲಿ ಎಲ್ಲವೂ ನೀರೇ. ಹಿಂಡು ಕಾಣುವುದು ಗುಡ್ಡದ ಮೇಲಿನವನಿಗೆ. ಅಂಥವನು ಶಾಂತಾರಾಮ. ಹದಿನೇಳನೇ ವಯಸ್ಸಿಗೆ ಗುಡ್ಡ ಹತ್ತಿದವರು ಮೂವತ್ತು ವರ್ಷ ಇಳಿಯಲಿಲ್ಲ. ನೀರಿನಲ್ಲಿ ಕಪ್ಪು ಕಲೆ ಕಂಡರೆ ಕೆಂಪು ಪಾಣಿಪಂಚೆ ಎತ್ತಿ ಬೀಸುವುದು. ಎಡಕ್ಕೆ ಬೀಸಿದರೆ ಎಡಕ್ಕೆ, ಬಲಕ್ಕೆ ಬೀಸಿದರೆ ಬಲಕ್ಕೆ, ನೆಲಕ್ಕೆ ಬಿಟ್ಟರೆ 'ಬೇಡ, ವಾಪಸು'. ತುದಿಯ ಆ ಬಂಡೆ ದಡಕ್ಕೆ ಮರೆ; ಬೀಸುವ ಪಂಚೆ ದೋಣಿಗೆ ಮಾತ್ರ ಕಾಣುತ್ತಿತ್ತು.

ದೋಣಿಯ ತುದಿಯಲ್ಲಿ ಕುಪ್ಪ. ಶಾಂತಾರಾಮರ ಓರಗೆಯವ, ಪಕ್ಕದ ಮನೆಯವ, ನಾಲ್ಕನೇ ಇಯತ್ತೆಗೆ ಇಬ್ಬರೂ ಒಟ್ಟಿಗೇ ಶಾಲೆ ಬಿಟ್ಟವರು. ಪಂಚೆ ಕಂಡೊಡನೆ ಕುಪ್ಪ ತನ್ನ ಕೈಯ ಹುಟ್ಟನ್ನು ನೆಟ್ಟಗೆ ಆಕಾಶಕ್ಕೆ ಎತ್ತುತ್ತಿದ್ದ. ಹುಟ್ಟು ಎದ್ದರೆ 'ಕಂಡೆ, ತಿಳಿಯಿತು' ಎಂದು ಅರ್ಥ. ಅಲ್ಲಿಯವರೆಗೆ ಗುಡ್ಡದವನು ಪಂಚೆ ಇಳಿಸುವಂತಿಲ್ಲ, ಬಂಡೆಯ ಮೇಲೆ ಕೂರುವಂತಿಲ್ಲ. ಇದು ಅವರ ತಂಡದ ಕಟ್ಟಳೆ.

"ಕಂಡದ್ದನ್ನ ಕೂಗ್ಬೇಕು" ಎನ್ನುತ್ತಾರೆ ಶಾಂತಾರಾಮ. "ಕೂಗ್ದೆ ಇದ್ರೆ ಹೊಟ್ಟೆ ಉಬ್ಬರಿಸ್ತದೆ. ಆದ್ರೆ ಕೂಗೂದು ಅರ್ಧ ಕೆಲ್ಸ ಅಷ್ಟೆ. ಆ ಬದಿಂದ ಹುಟ್ಟು ಏಳ್ಬೇಕು. ಎದ್ದಾಗ ಇದೆಯಲ್ಲ, ಇಲ್ಲಿ ಎದೇಲಿ ಒಂದು ನಮ್ನಿ ಆಗ್ತದೆ. ಬಂಗಡೆ ಬಲೆಗೆ ಬಿತ್ತೋ ಇಲ್ವೋ, ಅದು ಆಮೇಲಿನ ಮಾತು."

ಜನ ಯಾಕೆ ಬಿಟ್ಟಿ ಬರೆಯುತ್ತಾರೆ ಎಂದು ತಲೆ ಕೆರೆದುಕೊಳ್ಳುವ ಪಂಡಿತರು ಒಮ್ಮೆ ಈ ಗುಡ್ಡ ಹತ್ತಬಹುದು.

ಹನ್ನೊಂದು ವರ್ಷದ ಹಿಂದಿನ ನವೆಂಬರ್. ಇಪ್ಪತ್ತು ದಿನದಿಂದ ಬಲೆ ಒದ್ದೆಯಾಗಿರಲಿಲ್ಲ. ಎಂಬತ್ತು ಮನೆಯವರು ದಡದಲ್ಲಿ ಕೂತು ಗುಡ್ಡದ ಕಡೆ ನೋಡುತ್ತಿದ್ದರು. ಇಪ್ಪತ್ತೊಂದನೇ ಬೆಳಗ್ಗೆ ಶಾಂತಾರಾಮರಿಗೆ ಕಲೆ ಕಂಡಿತು. ದೊಡ್ಡದು, ಕಪ್ಪಗೆ, ದಡದ ಕಡೆಗೇ ಬರುತ್ತಿತ್ತು. ಪಂಚೆ ಬೀಸಿದರು. ಒಂದು ಕ್ಷಣ ತಡವಾಗಿ ಕುಪ್ಪನ ಹುಟ್ಟು ಎದ್ದಿತು. ಬಲೆ ಬಿತ್ತು. ಮೂರು ತಾಸು ಎಳೆದರು. ಬಂದದ್ದು ಒಂದಿಷ್ಟು ಲೋಳೆ ಮೀನು, ಪಾಚಿ, ಮತ್ತು ನೀರೊಳಗಿನ ಬಂಡೆಗೆ ಸಿಕ್ಕಿ ಉದ್ದಕ್ಕೆ ಸೀಳಿದ ಬಲೆ.

ಅವರು ಕಂಡದ್ದು ಮೋಡದ ನೆರಳು.

ನೆರಳಿಗೂ ಹಿಂಡಿಗೂ ವ್ಯತ್ಯಾಸ ತಿಳಿಯದವರಲ್ಲ ಅವರು. "ನೆರಳು ಒಂದೇ ಸಮ ನಡೀತದೆ. ಮೀನು ಹಂಗಲ್ಲ, ನಿಂತು ನಿಂತು ನಡೀತದೆ, ಮತ್ತೆ ತಿರುಗಿ ಬರ್ತದೆ. ನಂಗೆ ಗೊತ್ತಿತ್ತು. ಆದ್ರೆ ಆ ದಿನ ನಂಗೆ ಮೀನು ಬೇಕಾಗಿತ್ತು. ಬೇಕಾದಂವಂಗೆ ನೆರಳೂ ಈಜ್ತದೆ."

ತಪ್ಪು ಅಲ್ಲಿಗೇ ನಿಂತಿದ್ದರೆ ಊರು ನಾಲ್ಕು ದಿನ ಬೈದು ಸುಮ್ಮನಾಗುತ್ತಿತ್ತು. ಶಾಂತಾರಾಮ ಗುಡ್ಡ ಇಳಿದು ಬಂದರು. ದಡದಲ್ಲಿ ಎಂಬತ್ತು ಜನ. ಯಾರೋ ಕೇಳಿದರು, ಏನಾಯ್ತು ಅಂತ. ಶಾಂತಾರಾಮರ ಬಾಯಿಂದ ಬಂದ ಮಾತು: "ನಾ ಪಂಚೆ ನೆಲಕ್ಕೆ ಬಿಟ್ಟಿದ್ದೆ. ಕುಪ್ಪ ನೋಡ್ಲಿಲ್ಲ."

ಕುಪ್ಪ ಅಲ್ಲೇ ನಿಂತಿದ್ದ. ಹುಟ್ಟನ್ನು ದೋಣಿಯೊಳಗೆ ಇಟ್ಟು ಮನೆಗೆ ಹೋದ. ವಾರದೊಳಗೆ ಊರು ಬಿಟ್ಟ. ವಾಸ್ಕೋದಲ್ಲಿದ್ದಾನೆ ಎಂದರು, ರತ್ನಾಗಿರಿಯ ದೋಣಿಯಲ್ಲಿದ್ದಾನೆ ಎಂದರು. ಹರಿದ ಬಲೆಗೆ ತೇಪೆ ಹಾಕುವ ಉತ್ಸಾಹ ಯಾರಿಗೂ ಉಳಿಯಲಿಲ್ಲ. ಮಳೆಗಾಲದ ಮೊದಲೇ ತಂಡ ಒಡೆಯಿತು. ಕೆಲವರು ಗೋವೆಯ ಬೋಟು ಹತ್ತಿದರು, ಕೆಲವರು ಸಣ್ಣ ಬಲೆಗೆ ಇಳಿದರು. ಗುಡ್ಡ ಖಾಲಿಯಾಯಿತು.

ಜಾಲ ಹರಿದವರ ಕೈಗೆ ಅಂತರ್ಜಾಲ ಸಿಕ್ಕಿದ್ದು ತಮ್ಮನ ಮಗಳು ಪ್ರಗತಿಯಿಂದ. ಆಕೆ ಆಗ ಕಾಲೇಜಿನಲ್ಲಿದ್ದಳು. ಅಸೈನ್‌ಮೆಂಟಿಗಾಗಿ ಎಲ್ಲರೂ ಒಂದೊಂದು ಬ್ಲಾಗು ಮಾಡಬೇಕಿತ್ತು. ಏನು ಬರೆಯಲಿ ಎಂದು ಕೂತವಳಿಗೆ ದೊಡ್ಡಪ್ಪ, "ಇವತ್ತು ನೀರು ಹೆಂಗಿದೆ ಅಂತ ಬರಿ" ಎಂದರು. ಐದು ದಿನ ಬರೆದಳು, ಮಾರ್ಕು ಬಂತು, ಮರೆತಳು. ಆರನೇ ದಿನ ದೊಡ್ಡಪ್ಪ ಬಂದು, "ಇವತ್ತಿಂದು ಯಾಕೆ ಹಾಕ್ಲಿಲ್ಲ?" ಎಂದು ಕೇಳಿದರು. ಈಗ ಅಂಕೋಲೆಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಪ್ರಗತಿ ಅದನ್ನು ನೆನೆದು ನಗುತ್ತಾಳೆ: "ಮಾರ್ಕ್ಸ್ ಸಿಕ್ಕಿದ್ದು ನಂಗೆ. ಹೋಮ್‌ವರ್ಕು ಮಾತ್ರ ಹತ್ತು ವರ್ಷ ಆದ್ರೂ ಅವ್ರೇ ಮಾಡ್ತಾ ಇದ್ದಾರೆ."

ಬ್ಲಾಗಿಗೆ ಅವರದೇ ಕಾಯಿದೆಗಳಿವೆ. ಹಿಂಡು ಕಂಡರೂ ಎಲ್ಲಿ ಕಂಡಿತು ಎಂದು ಬರೆಯುವುದಿಲ್ಲ. ದೊಡ್ಡ ಬೋಟಿನವರಿಗೂ ಮೊಬೈಲಿದೆ. ಕಾಣದ್ದನ್ನು ಕಂಡೆ ಎನ್ನುವುದಿಲ್ಲ. ಅನುಮಾನವಿದ್ದರೆ 'ಅನುಮಾನ' ಎಂದೇ ಬರೆಯುತ್ತಾರೆ. ಮೀನುಗಾರಿಕೆಗೆ ರಜೆ ಇರುವ ಮಳೆಗಾಲದಲ್ಲೂ ಕೊಡೆ ಹಿಡಿದು ಗುಡ್ಡ ಹತ್ತುತ್ತಾರೆ. ಜ್ವರ ಬಂದ ದಿನ, ಮಳೆ ಕಣ್ಣು ಬಿಡಲು ಕೊಡದ ದಿನ ಮಾತ್ರ ಬರಹವಿಲ್ಲ. ಕಡಲಿಂದ ದೂರ, ಮಲ್ಲಾಪುರದ ಕ್ವಾರ್ಟರ್ಸಿನಲ್ಲಿರುವ ಕೇಣಿಯ ಹೆಣ್ಣುಮಗಳೊಬ್ಬಳು ಒಮ್ಮೆ, "ಅಣ್ಣಾ, ಓದಿದ ಕೂಡ್ಲೆ ನಮ್ಮ ದಡದ ವಾಸ್ನೆ ಬಂತು" ಎಂದು ಕಮೆಂಟು ಹಾಕಿದ್ದಳು. ಶಾಂತಾರಾಮ ಅದನ್ನು ಪ್ರಗತಿಯ ಅಂಗಡಿಯಲ್ಲಿ ಝೆರಾಕ್ಸ್ ಮಾಡಿಸಿ ಮನೆಯ ಕಪಾಟಿನೊಳಗೆ ಅಂಟಿಸಿದ್ದಾರೆ. "ವಾಸ್ನೆ ಬಂತು ಅಂದ್ರೆ ಹೊಗಳಿಕೆಯೋ ದೂರೋ, ಅದನ್ನ ಮೊದ್ಲು ಕೇಳಿ" ಎಂದು ಮಂಗಲಾ ಅಡುಗೆಮನೆಯಿಂದಲೇ ಚುಚ್ಚುತ್ತಾರೆ.

ಆದರೆ ಆ ಓದುಗರು ಯಾರೂ ಅವರು ಕಾಯುವ ಓದುಗರಲ್ಲ. ಮಂಗಲಾರಿಗೂ ಅದು ಗೊತ್ತು.

ಕುಪ್ಪನ ತಂಗಿ ಗೋದಾವರಿ ಮಾಜಾಳಿಯಲ್ಲಿದ್ದಾಳೆ. ಬ್ಲಾಗು ಶುರುವಾದ ವರ್ಷ ಶಾಂತಾರಾಮ ಒಣಮೀನಿನ ಕಟ್ಟು ಹಿಡಿದು ಬಸ್ಸು ಹತ್ತಿ ಅವಳ ಮನೆಗೆ ಹೋದರು. ಅವಳು ಅಣ್ಣನ ನಂಬರು ಕೊಟ್ಟಳು. ಅವಳ ಅಂಗಳದಲ್ಲೇ ನಿಂತು ಫೋನು ಮಾಡಿದರು.

"ಹೇಳು" ಎಂದ ಕುಪ್ಪ.

"ಅಲ್ಲಿ ಮೀನು ಹೆಂಗೆ?" ಎಂದು ಕೇಳಿದರು ಶಾಂತಾರಾಮ.

"ಇದ್ದದ್ದೇ" ಎಂದು ಕುಪ್ಪ ಫೋನಿಟ್ಟ. ಮುಂದಿನ ಸಲ ಹಚ್ಚಿದಾಗ ಆ ನಂಬರು ಚಾಲ್ತಿಯಲ್ಲಿರಲಿಲ್ಲ.

"ಎಂತಕ್ಕೆ ಹಂಗೆ ಕೇಳಿದ್ನೋ" ಎಂದು ಶಾಂತಾರಾಮ ಈಗಲೂ ಹಣೆ ಒರೆಸಿಕೊಳ್ಳುತ್ತಾರೆ. "ಹೇಳ್ಬೇಕಾದ್ದು ಬಾಯಿ ತನಕ ಬಂದಿತ್ತು. ಅವನ ದನಿ ಕೇಳಿದ ಕೂಡ್ಲೆ ಬೇರೆ ಎಂತದೋ ಹೊರಗೆ ಬಿತ್ತು. ನನ್ನ ಬಾಯಿ ಮೇಲೆ ನಂಗೆ ಭರೋಸೆ ಇಲ್ಲ. ಆ ದಿನ ದಡದಲ್ಲೂ ಕೆಡ್ಸಿದ್ದು ಅದೇ ಬಾಯಿ." ಹೊರಡುವಾಗ ಗೋದಾವರಿಗೆ ಬ್ಲಾಗಿನ ಹೆಸರು ಬರೆದ ಚೀಟಿ ಕೊಟ್ಟು, "ಅಂವ ಫೋನ್ ಮಾಡ್ದಾಗ ಹೇಳು, ದಿನಾ ನೀರಿನ ಸುದ್ದಿ ಹಾಕ್ತೆ ಅಂತ" ಎಂದು ಬಂದರು. ಚೌತಿಗೆ ಫೋನು ಬಂದಾಗ ಅವಳು ಹೇಳಿದ್ದಾಳೆ. ಕುಪ್ಪ "ಹೂಂ" ಎಂದನಂತೆ. ಹತ್ತು ವರ್ಷದ ಹತ್ತಿರ ಹತ್ತಿರ ಮೂರು ಸಾವಿರ ಬರಹಗಳು ಆ ಒಂದು "ಹೂಂ" ಮೇಲೆ ನಿಂತಿವೆ.

ಹೇಳಬೇಕಾದದ್ದನ್ನು ಮಾತ್ರ ಶಾಂತಾರಾಮ ಬರೆದಿರಲಿಲ್ಲ. ನೀರು ಬರೆದರು, ಗಾಳಿ ಬರೆದರು, ಹಕ್ಕಿಯ ಲೆಕ್ಕ ಬರೆದರು. ಅದೊಂದನ್ನು ನಾಳೆ ಬರೆಯೋಣ ಎಂದು ದಿನಾ ದಾಟಿಸಿದರು.

ಈ ಜನವರಿಯ ಒಂದು ಬೆಳಗ್ಗೆ, ಅದೇ ಜಾಗದಲ್ಲಿ, ಅಂಥದೇ ಕಪ್ಪು ಕಲೆ ಕಂಡಿತು. ಕೆಳಗೆ ದಡದಲ್ಲಿ ಯಾರೋ "ಹಿಂಡು! ಹಿಂಡು!" ಎಂದು ಕೂಗಿದರು. ಶಾಂತಾರಾಮ ನೋಡುತ್ತ ನಿಂತರು. ಕಲೆ ಒಂದೇ ಸಮ ನಡೆದು, ದಡ ಹತ್ತಿ, ತೆಂಗಿನ ಮರಗಳ ಮೇಲೆ ಹಾದು, ಅವರ ಮೈಮೇಲೂ ತಣ್ಣಗೆ ದಾಟಿ ಹೋಯಿತು. ಆ ದಿನ ಬರಹ ಮುಗಿಸಲು ಮುಕ್ಕಾಲು ತಾಸು ಹಿಡಿಯಿತು. ಐಸ್ ಶೆಡ್ಡಿಗೆ ತಡವಾಯಿತು.

"ಇವತ್ತು ಕಂಡದ್ದು ನೆರಳು. ಹನ್ನೊಂದು ವರ್ಷದ ಹಿಂದೆ ಬಲೆ ಹರಿದ ದಿನ ಕಂಡದ್ದೂ ನೆರಳೇ. ನಾನು ಪಂಚೆ ನೆಲಕ್ಕೆ ಬಿಟ್ಟಿರ್ಲಿಲ್ಲ. ಎತ್ತಿ ಹಿಡಿದೇ ಇದ್ದೆ. ಕುಪ್ಪಂಗೆ ಅನುಮಾನ ಬಂದಿತ್ತು, ಹುಟ್ಟು ಎತ್ತೂಕೆ ತಡ ಮಾಡ್ದ. ಆದ್ರೂ ನನ್ನ ನಂಬಿ ಎತ್ತಿದ. ಆಮೇಲೆ ನಾನು ದಡದಲ್ಲಿ ಸುಳ್ಳು ಹೇಳ್ದೆ. ಇಷ್ಟೇ. ಪಂಚೆ ಇಳಿಸಿಲ್ಲ."

ಮೊದಲು ಓದಿದ್ದು ಪ್ರಗತಿ. ಅಂಗಡಿಗೆ ಅರ್ಧ ಷಟರ್ ಎಳೆದು ಫೋನು ಮಾಡಿದಳು. "ದೊಡ್ಡಪ್ಪಾ, ಇದನ್ನ ಡಿಲೀಟ್ ಮಾಡ್ಲಾ? ಇನ್ನೂ ನಾಲ್ಕೇ ಜನ ನೋಡಿದ್ದು."

"ಬೇಡ ಮಗಾ. ನಾಲ್ಕು ಜನ ಸಾಲೂದಿಲ್ಲ. ಎಂಬತ್ತು ಜನರ ಎದ್ರಿಗೆ ಹೇಳಿದ್ದೆ ನಾ."

ಪ್ರಗತಿ ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದಳು. ಸಂಜೆಯೊಳಗೆ ಓದಿದವರು ಆರುನೂರ ಮೂವತ್ತು. ಬ್ಲಾಗಿನ ಬಾಳಿನಲ್ಲಿ ಅಷ್ಟು ಜನ ಬಂದದ್ದು ಅದೇ ಮೊದಲು. ಬಂದವರಲ್ಲಿ ಹೊಗಳಲು ಬಂದವರು ಕಮ್ಮಿ. ಮೂರು ಮನೆಯವರು ಇವತ್ತಿಗೂ ಶಾಂತಾರಾಮರ ಹತ್ತಿರ ಮಾತಾಡುವುದಿಲ್ಲ. ರಂಪಣಿಯ ಹಗ್ಗದ ಮುಂಚೂಣಿಯಲ್ಲಿ ನಿಲ್ಲುತ್ತಿದ್ದ ಜಟ್ಟಿ ಸೀದಾ ಐಸ್ ಶೆಡ್ಡಿಗೇ ಬಂದರು.

"ಅಲ್ವೋ ಶಾಂತಾ, ಹನ್ನೊಂದು ವರ್ಷ ನಾ ಕುಪ್ಪಂಗೆ ಬೈದೆ. ಬೆಳಿಗ್ಗೆ ಎದ್ದು ಬೈದೆ, ಉಂಡು ಬೈದೆ. ಈಗ ಆ ಬೈಗುಳ ಎಲ್ಲ ಯಾರಿಗೆ ವಾಪಸ್ ಕೊಡ್ಲಿ?"

"ನಂಗೇ ಕೊಡು."

"ಕೊಡೂಕೇ ಬಂದದ್ದು" ಎಂದ ಜಟ್ಟಿ, ಶೆಡ್ಡಿನ ಬಾಗಿಲಲ್ಲಿ ನಿಂತು ಕಾಲು ತಾಸು ಬೈದರು. ಮುಗಿದ ಮೇಲೆ ಉಸಿರು ತೆಗೆದುಕೊಂಡು, ಕೊಕ್ಕೆಯ ಇನ್ನೊಂದು ತುದಿ ಹಿಡಿದು ಗಡ್ಡೆ ಎಳೆಯಲು ಕೈಹಚ್ಚಿದರು.

ಆಮೇಲೆ ದಿನಗಳು ಹೋದವು. ಬ್ಲಾಗು ಮತ್ತೆ ಹನ್ನೊಂದು ಓದುಗರಿಗೆ ಇಳಿಯಿತು. ಶಾಂತಾರಾಮ ದಿನಾ ಗುಡ್ಡ ಹತ್ತಿದರು, ದಿನಾ ನಿಂತರು. ಹದಿನೇಳನೇ ದಿನ ಜನವರಿಯ ಆ ಬರಹದ ಕೆಳಗೆ ಒಂದು ಕಮೆಂಟು ಕಾಣಿಸಿತು. ಹೆಸರಿಲ್ಲ. ಮಾತಿಲ್ಲ. ಒಂದು ನೆಟ್ಟನೆಯ ಗೆರೆ ಮಾತ್ರ:

|

ಮನೆಯಲ್ಲಿ ಅದರ ಮೇಲೆ ದೊಡ್ಡ ಚರ್ಚೆಯೇ ಆಯಿತು. "ಯಾರದೋ ಬೆರಳು ತಾಗಿ ಬಿದ್ದದ್ದು ಇರ್ಬಹುದು, ದೊಡ್ಡಪ್ಪಾ. ಊರು ಇಲ್ಲ, ನಂಬರ್ ಇಲ್ಲ. ಆಸೆ ಇಟ್ಕೊಬೇಡಿ" ಎಂದಳು ಪ್ರಗತಿ. ಜಟ್ಟಿ ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿ, "ಕುಪ್ಪಂದೇ. ಎತ್ತಿದ ಹುಟ್ಟು ಇದು. ಅಂವ್ಗೆ ಬರಿಯೂಕೆ ಬರೂದೇ ಅಷ್ಟು" ಎಂದರು. ಮಾಜಾಳಿಗೆ ಫೋನು ಮಾಡಿ ಕೇಳಿದರೆ ಗೋದಾವರಿ, "ಅಣ್ಣ ಹಬ್ಬಕ್ಕೆ ಬಿಟ್ಟು ಫೋನೇ ಮಾಡೂದಿಲ್ಲ, ನಾ ಹೆಂಗೆ ಹೇಳ್ಲಿ" ಎಂದಳು.

ಮಂಗಲಾ ಚರ್ಚೆಗೆ ಸೇರಲಿಲ್ಲ. ಮರುದಿನ ನಸುಕಿನಲ್ಲಿ, ಗಂಡನಿಗಿಂತ ಮೊದಲು ಗುಡ್ಡ ಹತ್ತಿ, ಅಕ್ಕಿಯ ಹಳೆಯ ಗೋಣಿಯೊಂದನ್ನು ಮಡಚಿ ಬಂಡೆಯ ಮೇಲಿಟ್ಟು ಬಂದರು. "ಮೂವತ್ತು ವರ್ಷ ಹುಟ್ಟು ಎದ್ದ ಮೇಲೆ ಕೂತಂವ್ರು. ಹನ್ನೊಂದು ವರ್ಷದಿಂದ ಕೂತಿಲ್ಲ" ಎನ್ನುವಾಗ ಅವರ ದನಿಯಲ್ಲಿ ಕೊಂಕಿಲ್ಲ. "ಮಂಡಿ ನೋವು ಅಂತ ರಾತ್ರಿ ಎಣ್ಣೆ ತಿಕ್ಕೂದು ನಾನು. ನಂಗೆ ಗೊತ್ತಿಲ್ವಾ?"

ಅದಾಗಿ ಮೂರು ವಾರ. ಶಾಂತಾರಾಮ ಕೂತಿಲ್ಲ. ಗೋಣಿಯನ್ನು ಮನೆಗೆ ವಾಪಸು ತಂದೂ ಇಲ್ಲ.

ಯಾಕೆ ಎಂದರೆ, ಐಸಿನ ಪುಡಿಯನ್ನು ಪೆಟ್ಟಿಗೆಗೆ ಸುರಿಯುತ್ತಲೇ ಹೇಳುತ್ತಾರೆ: "ಒಂದ್ಸಲ ಆಸೆಗೆ ಬಿದ್ದು ನೆರಳನ್ನ ಮೀನು ಅಂದಂವ ನಾನು. ಈಗ ಗಡಿಬಿಡಿ ಇಲ್ಲ. ಅದು ನೆರಳಾದ್ರೆ ದಾಟಿ ಹೋಯ್ತು, ಮುಗೀತು. ಮೀನಾದ್ರೆ ನಿಂತು ಮತ್ತೊಂದ್ಸಲ ತಿರುಗ್ತದೆ. ಅಂವ ಊರಿಗೆ ಬರೂದು ಬೇಡ. ನಂಗೆ ಮಾಪಿ ಮಾಡ್ದೆ ಅಂತ ಹೇಳೂದೂ ಬೇಡ. ಇನ್ನೊಂದು ಗೆರೆ ಹಾಕ್ಲಿ, ಸಾಕು."

ಮರುದಿನ ಬೆಳಗ್ಗೆ ಆರೂಕಾಲು. ರಾತ್ರಿಯ ಇಬ್ಬನಿಗೆ ಬಂಡೆಯ ಮೇಲಿನ ಗೋಣಿ ಒದ್ದೆಯಾಗಿದೆ. ಶಾಂತಾರಾಮ ಅದನ್ನು ಎತ್ತಿ ಕೊಡವಿ, ಮಡಿಕೆ ಬಿಡಿಸಿ, ಒಣಗಿದ ಮಗ್ಗುಲು ಮೇಲೆ ಬರುವಂತೆ ಅಗಲಕ್ಕೆ ಹಾಸುತ್ತಾರೆ. ಪಕ್ಕದಲ್ಲಿ ನಿಂತು ನೀರು ನೋಡುತ್ತಾರೆ. ಹೆಬ್ಬೆರಳು ನಿಧಾನಕ್ಕೆ ಅಕ್ಷರ ಹುಡುಕುತ್ತದೆ. ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಬರಹದ ಕೊನೆಯ ಸಾಲು ಕೊನೆಯದಾಗಿ ಉಳಿಯುವುದಿಲ್ಲ:

"ನೀರು ತಿಳಿ. ಹಕ್ಕಿ ಆರು. ಪಂಚೆ ಇಳಿಸಿಲ್ಲ. ಗೋಣಿ ಹಾಸಿ ಇಟ್ಟಾಗಿದೆ."